ಗಾಳಿ ಸೋಕಿದ ಭಾನುವಾರ

ಬಾಗಿಲು ಮುರಿದಾಗ ನಲ್ಲಿಯಲ್ಲಿ ಬಿಸಿನೀರು ಇನ್ನೂ ಹರಿಯುತ್ತಿತ್ತು.

ಬಕೆಟ್ ತುಂಬಿ ಚೆಲ್ಲಿ ಬಚ್ಚಲೆಲ್ಲ ನೀರು. ನೀರಿನ ಮೇಲೆ ದಟ್ಟ ಆವಿ. ಆವಿಯೊಳಗೆ ಸಂಧ್ಯಾ. ಲಂಗವನ್ನು ಎದೆಗೆ ಕಟ್ಟಿಕೊಂಡು ಗೋಡೆಗೊರಗಿ ಕುಳಿತಿದ್ದಳು, ಯಾರಿಗೋ ಕಾದು ಕಾದು ನಿದ್ದೆ ಹೋದವಳ ಹಾಗೆ. ತಲೆ ತುಂಬ ಎಣ್ಣೆ. ಪಕ್ಕದ ಬಟ್ಟಲಲ್ಲಿ ಕಲಸಿಟ್ಟ ಸೀಗೆಪುಡಿ. ಮುಖ ಕೆಂಪಗಿತ್ತು. ಯಾರೋ ಹೊಗಳಿದಾಗ ನಾಚಿದ ಹಾಗೆ.

"ಏಯ್ ಸಂಧ್ಯಾ! ತಮಾಷೆ ಮಾಡ್ಬೇಡ ಕಣೇ!" ಎಂದು ಕೂಗಿದಳು ವಿನುತಾ. ಅದೇ ರೂಮಿನ ಇನ್ನೊಬ್ಬ ಹುಡುಗಿ. ಸಂಧ್ಯಾ ತಮಾಷೆ ಮಾಡುವವಳೇ. ಅದಕ್ಕೇ ಆ ಮಾತು ಬಂತು.

ಇದು ತಮಾಷೆಯಾಗಿರಲಿಲ್ಲ.

ಬಾಗಿಲು ಮುರಿದವರು ಮನೆಯ ಓನರ್ ವರದರಾಜ. ಚಾಮರಾಜಪೇಟೆಯ ಆ ಹಳೇ ಮನೆಯ ಮಹಡಿಯನ್ನು ಕಾಲೇಜು ಹುಡುಗಿಯರಿಗೆ ಬಾಡಿಗೆಗೆ ಕೊಟ್ಟಿದ್ದವರು. "ವಿನುತಾ, ಓಡು. ಆಟೋ ತಗೊಂಡ್ ಬಾ. ಅರ್ಥ ಆಯ್ತಲ್ಲ?" ಎಂದರು. ಎಲ್ಲ ಮಾತಿನ ಕೊನೆಗೂ "ಅರ್ಥ ಆಯ್ತಲ್ಲ" ಅನ್ನುವುದು ಅವರ ರೂಢಿ.

ಆಟೋ ಬಂತು. ಆಸ್ಪತ್ರೆಗೂ ಹೋಯಿತು. ಅಲ್ಲಿ ಡಾಕ್ಟರು ಕೈ ಹಿಡಿದು ನೋಡಿದರು. ಆಮೇಲೆ ಆ ಕೈಯನ್ನು ಮೆಲ್ಲಗೆ ಕೆಳಗಿಟ್ಟರು.

ಸುದ್ದಿಗೆ ಮಾತ್ರ ಆಟೋ ಬೇಕಾಗಲಿಲ್ಲ. ಹುಡುಗಿಗೆ ಆಗಾಗ ವಾಂತಿ ಆಗುತ್ತಿತ್ತಂತೆ. ತಲೆ ಸುತ್ತುತ್ತಿತ್ತಂತೆ. ಯಾವನೋ ಹುಡುಗನ ಜೊತೆ ಓಡಾಟ ಇತ್ತಂತೆ. ಮೂರು 'ಅಂತೆ' ಸೇರಿ ಒಂದು ತೀರ್ಪಾಯಿತು. ವಿಷ ಕುಡಿದಿದ್ದಾಳೆ ಎಂದು ಸಂಜೆಯ ಹೊತ್ತಿಗೆ ಇಡೀ ಬೀದಿ ನಂಬಿತ್ತು.

* * *

ಮುನೇಶನಿಗೆ ಕಾಲೇಜಿನಲ್ಲಿ ಎರಡು ಕೆಲಸ. ಒಂದು, ಕೆಮಿಸ್ಟ್ರಿ ಓದುವುದು. ಇನ್ನೊಂದು, ಕೆಮಿಸ್ಟ್ರಿ ಮೇಷ್ಟ್ರ ಹಾಗೆ ಮಾತಾಡುವುದು. ಎರಡನೆಯದರಲ್ಲಿ ಅವನಿಗೆ ಯಾವಾಗಲೂ ಫಸ್ಟ್ ಕ್ಲಾಸ್. ಪ್ರಿನ್ಸಿಪಾಲರ ಕೆಮ್ಮು, ಕ್ಯಾಂಟೀನಿನವನ ಕೂಗು, ಬಸ್ ಕಂಡಕ್ಟರನ ಗೊಣಗು, ಎಲ್ಲವೂ ಅವನ ಗಂಟಲಲ್ಲಿ ಬಾಡಿಗೆಗಿದ್ದವು. ಸಹಪಾಠಿ ಸಂಧ್ಯಾಳನ್ನು ಕಂಡಾಗಲೆಲ್ಲ ಮೂಗು ಹಿಡಿದು, ಅಂಗೈಯಿಂದ ನೀರು ಬಿಟ್ಟ ಹಾಗೆ ಮಾಡಿ, "ಇದು ನನ್ನ ಸಂಧ್ಯಾವಂದನೆ" ಎನ್ನುತ್ತಿದ್ದ.

"ಅರ್ಘ್ಯ ಬೇಡ ಗುರು, ಅರ್ಧ ಕಾಫಿ ಕೊಡ್ಸು" ಎನ್ನುತ್ತಿದ್ದಳು ಅವಳು.

ಸೋಮವಾರ ಬೆಳಿಗ್ಗೆ ಅವನು ಪೊಲೀಸ್ ಸ್ಟೇಷನ್ನಿನ ಒಳಗೆ ನಿಂತಿದ್ದ. ಗಂಟಲಲ್ಲಿ ಯಾರೂ ಇರಲಿಲ್ಲ.

ಬೆಂಚಿನ ಮೇಲೆ ದೀಪಕ್ ಕೂತಿದ್ದ. ವೈಯಾಲಿಕಾವಲ್ ಹುಡುಗ. ಮುನೇಶನ ಗೆಳೆಯ. ಬೀದಿಯವರು ಹೇಳಿದ 'ಯಾವನೋ ಹುಡುಗ' ಅವನೇ. ಎದುರಿಗೆ ಸಬ್ ಇನ್‌ಸ್ಪೆಕ್ಟರ್ ಅಂಜನಪ್ಪ.

"ನೀನ್ಯಾರಪ್ಪ?"

"ಮುನೇಶ್ ಸಾರ್. ಕ್ಲಾಸ್‌ಮೇಟು."

"ಇವನಿಗೋ, ಅವಳಿಗೋ?"

"ಇಬ್ರಿಗೂ ಸಾರ್."

"ಬಾ, ನೀನೂ ಕೇಳಿಸ್ಕೋ." ಅಂಜನಪ್ಪ ದೀಪಕ್ ಕಡೆ ತಿರುಗಿದರು. "ಶನಿವಾರ ಫೋನಲ್ಲಿ ಜಗಳ ಆಡಿದ್ಯಂತೆ. ಓನರ್ ಹೇಳ್ತಾರೆ."

"ಡಾಕ್ಟರ್ ಹತ್ರ ಹೋಗು ಅಂತ ಬೈದೆ ಸಾರ್. ತಲೆನೋವು, ವಾಂತಿ ಅಂತಿದ್ಲು. ಹೋಗ್ಲೇ ಇಲ್ಲ."

"ಯಾಕೆ ಹೋಗ್ಲಿಲ್ಲ?"

"ನಗಾಡಿದ್ಲು ಸಾರ್. ನಂಗೆ ಗಾಳಿ ಸೋಕಿದೆಯಂತೆ ಕಣೋ, ಗಾಳಿಗೆ ಯಾವ ಡಾಕ್ಟ್ರು ಟ್ರೀಟ್‌ಮೆಂಟ್ ಕೊಡ್ತಾನೆ ಅಂದ್ಲು. ತೋಳಿಗೆ ತಾಯತ ಬೇರೆ. ನಂಗೆ ರೇಗಿ ಫೋನ್ ಇಟ್ಬಿಟ್ಟೆ." ದೀಪಕ್ ಮುಖ ಮುಚ್ಚಿಕೊಂಡ. "ಅದೇ ಕೊನೇ ಮಾತು."

"ಡಾಕ್ಟ್ರ ಹತ್ರ ಹೋದ್ರೆ ಏನೋ ಗೊತ್ತಾಗಿಬಿಡತ್ತೆ ಅಂತ ಹೋಗ್ಲಿಲ್ಲ ಅನ್ಸುತ್ತೆ ನಂಗೆ" ಎಂದರು ಅಂಜನಪ್ಪ. "ರಿಪೋರ್ಟ್ ಬರ್ಲಿ. ಅಲ್ಲೀವರೆಗೂ ಊರು ಬಿಟ್ಟು ಹೋಗ್ಬೇಡ."

ಹೊರಗೆ, ಕಾಂಪೌಂಡಿನ ನೆರಳಲ್ಲಿ, ಒಬ್ಬ ಹೆಂಗಸು ಕೂತಿದ್ದಳು. ಸೆರಗಿನ ಅಂಚಿಗೆ ಇನ್ನೂ ಕೊತ್ತಂಬರಿ ಎಲೆ ಅಂಟಿತ್ತು. ಮುನಿರತ್ನಮ್ಮ, ಸಂಧ್ಯಾಳ ತಾಯಿ. ಮಾಲೂರಿನ ಕಡೆಯವರು. ಕಲಾಸಿಪಾಳ್ಯದ ಮಾರ್ಕೆಟ್ಟಿಗೆ ಸೊಪ್ಪು ತರುತ್ತಿದ್ದರು. ತಂದ ದಿನವೆಲ್ಲ ಮಗಳ ರೂಮಿನ ಬಾಗಿಲಿಗೆ ಹೋಗಿ, ಒಂದು ಕಟ್ಟು ದಂಟು ಕೊಟ್ಟು, ಮುಖ ನೋಡಿಕೊಂಡು ಬಸ್ಸು ಹತ್ತುತ್ತಿದ್ದರು.

"ಎಲ್ಲರ ದನೀಲೂ ಮಾತಾಡೋ ಹುಡುಗ ನೀನೇ ಏನಪ್ಪಾ?" ಎಂದರು. "ಅವಳು ಹೇಳ್ತಿದ್ಲು. ನನ್ ಹಂಗೂ ಮಾತಾಡ್ತಾನೆ ಕಣಮ್ಮೋ ಅಂತ."

ಮುನೇಶ ತಲೆಯಾಡಿಸಿದ. ಸಂಧ್ಯಾ ತಾಯಿಯನ್ನು ಕರೆಯುತ್ತಿದ್ದ "ಅಮ್ಮೋ", ಬಾವಿಗಿಳಿದ ಕೊಡದ ಹಾಗೆ ಕೆಳಗಿಳಿದು ಮೇಲೆ ಬರುವ ಆ ರಾಗ, ಅವನಿಗೆ ಬಾಯಿಪಾಠ. ಅವಳನ್ನು ರೇಗಿಸಲು ಎಷ್ಟೋ ಸಲ ಹಾಗೆ ಕೂಗಿದ್ದ.

"ಒಂದು ಕೇಳ್ತೀನಿ. ಸುಳ್ಳು ಹೇಳ್ಬ್ಯಾಡ. ಅವಳು ತಾನಾಗೇ ಹೋದ್ಲಾ? ನನ್ ತಾವ ಹೇಳ್ಕಳ್ಳಕ್ಕಾಗ್ದಂಥದ್ದು ಏನಾರ ಇತ್ತಾ?"

"ಗೊತ್ತಿಲ್ಲಮ್ಮ."

"ತಿಳ್ಕೊಂಡು ಹೇಳಪ್ಪಾ. ಹೋದೋಳು ಬರಾಕಿಲ್ಲ. ಆದ್ರೆ ಜನ ಆಡೋ ಮಾತು ಹೊತ್ಕಂಡು ನಾನು ಊರಿಗೆ ಹೆಂಗೋಗ್ಲಿ?"

* * *

ಮಗಳ ಸಾಮಾನು ತರಲು ಮುನಿರತ್ನಮ್ಮನ ಜೊತೆ ಮುನೇಶನೇ ಹೋದ.

ವರದರಾಜ ಬಾಗಿಲಲ್ಲೇ ಇದ್ದರು. "ಬೇಗ ಮುಗಿಸ್ಕೊಳ್ಳಿ. ಬೇರೆ ಹುಡುಗೀರೆಲ್ಲ ಹೆದ್ರಿಕೊಂಡು ಹೋಗ್ಬಿಟ್ಟಿದಾರೆ. ಅರ್ಥ ಆಯ್ತಲ್ಲ?" ಹುಡುಗಿಯರು ಎಷ್ಟು ಹೊತ್ತಿಗೆ ಬಂದರು, ಯಾರ ಫೋನ್ ಬಂತು, ಎಲ್ಲವನ್ನೂ ಹೆತ್ತವರಿಗೆ ಒಪ್ಪಿಸುತ್ತಿದ್ದ ಮನುಷ್ಯ. ಸಂಧ್ಯಾ ಅವರಿಗೆ ವರದರಾಜ ಬದಲು 'ವರದಿರಾಜ' ಎಂದು ಹೆಸರಿಟ್ಟಿದ್ದಳು.

ಮುನಿರತ್ನಮ್ಮ ರೂಮಿನಲ್ಲಿ ಟ್ರಂಕಿನ ಮುಂದೆ ಕೂತರು. ಮಂಚದ ಮೇಲೆ ಇಸ್ತ್ರಿ ಮಾಡಿದ ಚೂಡಿದಾರ್ ಮಡಿಸಿಟ್ಟಿತ್ತು. ಅದರ ಮೇಲೆ ಬಳೆ, ಬಳೆಯ ಪಕ್ಕ ಸ್ಟಿಕ್ಕರ್ ಬೊಟ್ಟು. ಸ್ನಾನ ಮುಗಿಸಿ ಬಂದು ಹಾಕಿಕೊಳ್ಳಲು ಎತ್ತಿಟ್ಟದ್ದು. ತಾಯಿ ಅದನ್ನು ಮುಟ್ಟಲಿಲ್ಲ.

ಮುನೇಶ ಅದನ್ನೇ ನೋಡಿದ. ತಲೆಗೆ ಎಣ್ಣೆ ತಿಕ್ಕಿಕೊಂಡು, ಸೀಗೆಪುಡಿ ಕಲಸಿಕೊಂಡು, ಬಟ್ಟೆಗೆ ಹೊಂದುವ ಬೊಟ್ಟು ಆರಿಸಿಟ್ಟು ಸಾಯಲು ಹೋಗುವವರು ಯಾರು?

ಬಚ್ಚಲಿಗೆ ಹೋದ. ಇಕ್ಕಟ್ಟಾದ ಕೋಣೆ. ಎತ್ತರದಲ್ಲಿ ಒಂದು ಸಣ್ಣ ಗಾಳಿಕಿಟಕಿ. ಅದರಾಚೆ ಪಕ್ಕದ ಕಾಂಪೌಂಡಿನ ಹುಣಸೆಮರ. ಮೂಲೆಯಲ್ಲಿ ಬಕೆಟ್. ಬಕೆಟ್ಟಿನ ಅಂಚಿಗೆ ನೇತುಹಾಕಿದ ನೀರು ಕಾಯಿಸುವ ಕರೆಂಟ್ ಕಾಯಿಲ್.

"ನೀರು ಇದರಲ್ಲೇ ಕಾಯ್ಸೋದಾ ಸಾರ್?" ಎಂದ.

"ಮತ್ತಿನ್ನೇನು? ಎಲ್ರೂ ಕಾಯಿಲ್‌ನಲ್ಲೇ ಕಾಯ್ಸೋದು. ಪೊಲೀಸ್ರಿಗೂ ಹೇಳಿದೀನಿ" ಎಂದರು ಬೆನ್ನ ಹಿಂದೆ ಬಂದು ನಿಂತಿದ್ದ ವರದರಾಜ. "ಅವತ್ತು ಅದನ್ನ ಹಾಕಿರ್ಲೂ ಇಲ್ಲ ಬಿಡಿ. ಶಾಕ್ ಗೀಕ್ ಅಂತ ಹೊಸ ಕಥೆ ಕಟ್ಬೇಡಿ."

ಕಾಯಿಲ್ ಹೊಳೆಯುತ್ತಿತ್ತು. ಚಾಮರಾಜಪೇಟೆಯ ಗಡಸು ನೀರಲ್ಲಿ ವಾರ ಕಳೆದರೆ ಬಿಳಿ ಪೊರೆ ಕಟ್ಟುತ್ತದೆ. ಇದಕ್ಕೆ ಪೊರೆಯೇ ಇಲ್ಲ. ನಲ್ಲಿಯ ಮೇಲಿನ ಗೋಡೆಯಲ್ಲಿ ನಾಲ್ಕು ತೂತು, ಹಸಿ ಸಿಮೆಂಟು ಮೆತ್ತಿದ್ದು. ಆ ನಾಲ್ಕರ ನಡುವೆ ಸುಣ್ಣ ಮಾಸದ ಒಂದು ಚೌಕ. ಗಾಳಿಕಿಟಕಿಯ ಚೌಕಟ್ಟಿನಲ್ಲಿ ಹೊಸದಾಗಿ ಕಿತ್ತ ಮೊಳೆಯ ಗುರುತು.

ಮುನೇಶ ಹೊರಬಂದ. ಮೆಟ್ಟಿಲಿಳಿಯುವಾಗ ಒಂದು ವಿಷಯ ಮುಳ್ಳಿನ ಹಾಗೆ ಚುಚ್ಚಿತು. ಬಾಗಿಲು ಮುರಿದಾಗ ನಲ್ಲಿಯಲ್ಲಿ ಬಿಸಿನೀರು ಹರಿಯುತ್ತಿತ್ತು ಅಂತ ವಿನುತಾ ಎಲ್ಲರ ಮುಂದೆ ಅತ್ತು ಹೇಳಿದ್ದಳು.

ಕಾಯಿಲ್ ಬಕೆಟ್ಟಿನ ನೀರು ಕಾಯಿಸುತ್ತದೆ. ನಲ್ಲಿಯ ನೀರನ್ನಲ್ಲ.

* * *

ವಿನುತಾ ಹನುಮಂತನಗರದ ಚಿಕ್ಕಮ್ಮನ ಮನೆಗೆ ಹೋಗಿದ್ದಳು. ಜಗಲಿಯಲ್ಲಿ ಕೂತು ಮಾತಾಡಿದರು.

"ಹೇಗಿದೀಯಾ?"

"ಈಗ ಪರ್ವಾಗಿಲ್ಲ. ಅವತ್ತೆಲ್ಲ ತಲೆ ಸಿಡೀತಿತ್ತು ಕಣೋ. ಅವಳನ್ನ ಎತ್ತಕ್ಕೆ ಅಂತ ಒಳಗೆ ಹೋಗಿದ್ದೆನಲ್ಲ, ಆಗಿಂದ. ವಾಂತಿ ಬೇರೆ."

"ನಿಂಗೂ ವಾಂತಿನಾ?"

"ಹ್ಞೂಂ. ಇನ್ನು ನನ್ನೂ ಬಸುರಿ ಅಂತಾರಾ?" ಅವಳ ಕಣ್ಣು ತುಂಬಿತು.

"ಅವಳಿಗೆ ಯಾವಾಗ್ಯಾವಾಗ ಹೀಗಾಗ್ತಿತ್ತು? ನೆನಪು ಮಾಡ್ಕೋ."

"ಭಾನುವಾರ. ಎಣ್ಣೆ ಸ್ನಾನ ಮಾಡಿ ಬಂದ್ಮೇಲೆ ಸುಸ್ತಾಗಿ ಮಲಗಿಬಿಡೋಳು. ಉಷ್ಣ ಆಗಿರ್ಬೇಕು ಅನ್ಕೊಂಡ್ವಿ."

"ಬೇರೆ ದಿನ?"

"ಬೇರೆ ದಿನ ಇಬ್ರದ್ದೂ ಕಾಗೆ ಸ್ನಾನ. ಕಾಲೇಜಿಗೆ ಲೇಟಾಗುತ್ತಲ್ಲ. ಭಾನುವಾರ ಮಾತ್ರ ಅವಳು ಒಳಗೆ ಹೋದ್ರೆ ಬರೋ ಮಾತೇ ಇಲ್ಲ. ಹಾಡು ಬೇರೆ."

"ನೀರು ಕಾಯ್ಸೋದು ಕಾಯಿಲ್‌ನಲ್ಲಾ?"

"ಯಾವ ಕಾಯಿಲ್? ಗ್ಯಾಸ್ ಗೀಸರ್ ಕಣೋ. ದೀಪಾವಳಿಗೆ ಹಾಕ್ಸಿದ್ರು. ಸಿಲಿಂಡರೂ ಬಚ್ಚಲೊಳಗೇ. ಮೇಲೆ 'ಚೂಡಾಮಣಿ' ಅಂತ ಅಂಗಡಿ ಸ್ಟಿಕ್ಕರ್ ಇತ್ತು. ಚೂಡಾಮಣಿ ಇವತ್ತು ಬಿಸಿಯಾಗಿದಾಳೆ, ಮಾತಾಡಿಸ್ಬೇಡ ಅಂತ ಸಂಧ್ಯಾ ನಗಾಡೋಳು."

ಮುನೇಶ ನಗಲಿಲ್ಲ. "ಗಾಳಿಕಿಟಕಿ?"

"ಹೋದ ವಾರ ಓನರ್ ಹಲಗೆ ಹೊಡ್ಸಿದ್ರು. ಕಾಲೇಜಿಂದ ಬಂದಾಗ ಮುಚ್ಚಿತ್ತು. ಪಕ್ಕದ ಬಿಲ್ಡಿಂಗ್ ಹುಡುಗ್ರು ನೋಡ್ತಾರೆ ಅಂತ ಇರ್ಬೇಕು. ಯಾಕೋ? ಈಗ ಇಲ್ವಾ ಅದು?"

ಅವನು ಜಗಲಿಯಿಂದ ಎದ್ದ. ಪಿಯುಸಿಯ ಒಂದು ಪ್ರಶ್ನೆ ನೆನಪಾಗಿತ್ತು. ಸಾಕಷ್ಟು ಗಾಳಿ ಇಲ್ಲದೆ ಇಂಧನ ಉರಿದರೆ ಯಾವ ಅನಿಲ ಉಂಟಾಗುತ್ತದೆ? ಕಾರ್ಬನ್ ಮೊನಾಕ್ಸೈಡ್. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತಕ್ಕೆ ಅಂಟಿಕೊಂಡು ಮುಖಕ್ಕೆ ಕೆಂಪೇರಿಸುತ್ತದೆ. ಎರಡು ಮಾರ್ಕಿನ ಪ್ರಶ್ನೆ. ಸಂಧ್ಯಾಳೂ ಸರಿಯಾದ ಉತ್ತರವನ್ನೇ ಬರೆದಿದ್ದಳು.

* * *

ಎಸ್‌ಟಿಡಿ ಬೂತಿನಲ್ಲಿ ಮುನೇಶ ಗಂಟಲು ಸರಿಮಾಡಿಕೊಂಡ. ಗೀಸರ್ ವಿಷಯ ಕೇಳಿ ಜೊತೆಗೇ ಬಂದಿದ್ದ ಅಂಜನಪ್ಪ ಪಕ್ಕದಲ್ಲಿದ್ದರು. ಡೈರೆಕ್ಟರಿಯಲ್ಲಿ ಚೂಡಾಮಣಿಯವರ ಅಂಗಡಿ ಸಿಕ್ಕಿತ್ತು. ಗ್ಯಾಸ್ ಸ್ಟವ್, ಗೀಸರ್ ರಿಪೇರಿ.

"ಇದೆಲ್ಲ ನಡಿಯತ್ತೇನಯ್ಯಾ?" ಎಂದರು ಅಂಜನಪ್ಪ.

"ನಾನಾಗಿ ಏನೂ ಕೇಳಲ್ಲ ಸಾರ್. ಅವರೇ ಹೇಳ್ತಾರೆ, ನೋಡ್ತಿರಿ."

ಆ ಕಡೆ ಫೋನ್ ಎತ್ತಿದರು. ಮುನೇಶ ಒಮ್ಮೆ ಕೆಮ್ಮಿ ವರದರಾಜರ ದನಿ ತೆಗೆದ. "ವರದರಾಜ ಮಾತಾಡ್ತಿರೋದು. ಅರ್ಥ ಆಯ್ತಲ್ಲ?"

ಅಂಜನಪ್ಪ ಬೆಚ್ಚಿ ಹಿಂದೆ ತಿರುಗಿ ನೋಡಿದರು. ವರದರಾಜ ಎಲ್ಲೂ ಇರಲಿಲ್ಲ.

"ಮತ್ಯಾಕೆ ಸಾರ್ ಫೋನು?" ಎಂದಿತು ಚೂಡಾಮಣಿಯ ದನಿ. ಗಂಡಸು. ಗಾಬರಿಯಾದ ಗಂಡಸು. "ಗೀಸರ್ ಗೋಣಿಚೀಲದಲ್ಲಿ ಕಟ್ಟಿಟ್ಟಿದೀನಿ. ಯಾರಿಗೂ ತೋರ್ಸಿಲ್ಲ. ಆ ಮಗು ಹೋಗಿದ್ದು ನಂಗೆ ಆಮೇಲೆ ಗೊತ್ತಾಯ್ತು ಸಾರ್, ಇಲ್ದಿದ್ರೆ ಬಿಚ್ಚೋಕೆ ಬರ್ತಾನೇ ಇರ್ಲಿಲ್ಲ. ಬೇಡ ಬೇಡ ಅಂದೆ ನಾನು. ಹೊರಗೆ ಹಾಕ್ಸಿ ಅಂದೆ. ಒಳಗೇ ಬೇಕು ಅಂದ್ರೆ ಕಿಟಕಿ ಮಾತ್ರ ಮುಚ್ಬೇಡಿ ಅಂದೆ. ನೀವು ಏನಂದ್ರಿ? ಅರ್ಥ ಆಯ್ತು ಅಂದ್ರಿ."

ಮುನೇಶ ಫೋನನ್ನು ಅಂಜನಪ್ಪನವರ ಕೈಗಿಟ್ಟ.

"ಸ್ಟೇಷನ್ನಿಂದ ಮಾತಾಡ್ತಿದೀನಿ" ಎಂದರು ಅಂಜನಪ್ಪ ತಮ್ಮದೇ ದನಿಯಲ್ಲಿ. "ಅಂಗಡೀಲೇ ಇರು. ಬಂದೆ."

* * *

ವರದರಾಜರ ಹಾಲಿನಲ್ಲಿ ಅಂಜನಪ್ಪ ಗೋಣಿಚೀಲ ಬಿಚ್ಚಿದರು. ಗೀಸರ್ ಮೇಲೆ ಚೂಡಾಮಣಿಯ ಸ್ಟಿಕ್ಕರ್ ಹಾಗೇ ಇತ್ತು. ಗೋಡೆಯ ಪಕ್ಕ ದೀಪಕ್ ನಿಂತಿದ್ದ. ಹೊಸ್ತಿಲ ಹತ್ತಿರ ನೆಲದ ಮೇಲೆ ಮುನಿರತ್ನಮ್ಮ.

"ರಿಪೋರ್ಟ್ ಬಂತು" ಎಂದರು ಅಂಜನಪ್ಪ ಆ ತಾಯಿಯ ಕಡೆ ನೋಡಿ. "ವಿಷ ಇಲ್ಲಮ್ಮ. ಜನ ಆಡ್ಕೊಂಡ್ರಲ್ಲ, ಅಂಥದ್ದೂ ಏನಿಲ್ಲ. ರಕ್ತದಲ್ಲಿ ಕೆಟ್ಟ ಗ್ಯಾಸು. ಈ ಹುಡುಗ ರಿಪೋರ್ಟಿಗಿಂತ ಮುಂಚೆ ಹೇಳ್ದ. ಹೇಳಪ್ಪ, ಅವರಿಗೆ ತಿಳಿಯೋ ಹಾಗೆ."

ಮುನೇಶ ತಾಯಿಯ ಮುಂದೆ ಕೂತ.

"ಅವಳು ತಾನಾಗಿ ಹೋಗ್ಲಿಲ್ಲಮ್ಮ. ಸಾಯೋರು ಬೊಟ್ಟು ಆರಿಸಿಟ್ಟು ಹೋಗಲ್ಲ. ನಲ್ಲೀಲಿ ಬಿಸಿನೀರು ಬರ್ತಿತ್ತು. ಓನರ್ ನೋಡಿದ್ರೆ ಕಾಯಿಲ್ ಅಂತಾರೆ. ಅಂದ್ರೆ ಗೋಡೇಲಿ ಇನ್ನೇನೋ ಇತ್ತು, ಅದನ್ನ ಕಿತ್ತಿದಾರೆ. ಮುಖ ಕೆಂಪಾಗಿದ್ದು ಈ ಗ್ಯಾಸಿಂದ. ವಾಂತಿ, ತಲೆಸುತ್ತು, ಅದೂ ಇದರಿಂದಾನೇ. ಕಾಗೆ ಸ್ನಾನದ ದಿನ ಏನೂ ಆಗ್ತಿರ್ಲಿಲ್ಲ. ಎಣ್ಣೆ ಸ್ನಾನದ ದಿನ ತುಂಬಾ ಹೊತ್ತು ಉರೀತಿತ್ತು, ಆಗ ಆಗ್ತಿತ್ತು. ಗಾಳಿಕಿಟಕಿ ಇದ್ದಿದ್ರಿಂದ ಹೇಗೋ ಬದುಕಿಕೊಳ್ತಿದ್ಲು. ಹೋದ ವಾರ ಅದೂ ಮುಚ್ಚಿಹೋಯ್ತು. ಇದು ಅದಾದ್ಮೇಲಿನ ಮೊದಲನೇ ಭಾನುವಾರ."

ಅವನು ವರದರಾಜರ ಕಡೆ ತಿರುಗಿದ. "ಮುಚ್ಬೇಡಿ ಅಂತ ಗೀಸರ್ ಅಂಗಡಿಯವ್ರು ಇವ್ರಿಗೆ ಹೇಳಿದ್ರು. ಆದ್ರೂ ಮೊದಲು ಕಿಟಕಿ ಮುಚ್ಚಿದ್ರು. ಆಮೇಲೆ ವಿಷಯ ಮುಚ್ಚಿದ್ರು. ನಾವೆಲ್ಲ ಆಸ್ಪತ್ರೇಲಿ ಅಳ್ತಿದ್ದಾಗ ಗೀಸರ್ ಬಿಚ್ಚಿಸಿ, ಹಲಗೆ ಕಿತ್ತು, ಹೊಸ ಕಾಯಿಲ್ ತಂದಿಟ್ರು. ಊರಿನ ಬಾಯಿ ಮಾತ್ರ ಮುಚ್ಚಲಿಲ್ಲ. ಅದು ಇವ್ರಿಗೆ ಅನುಕೂಲವಾಗೇ ಇತ್ತು."

ವರದರಾಜ ಕುರ್ಚಿಯಿಂದ ಎದ್ದರು.

"ನಾನು ಬೇಕೂಂತ ಮಾಡಿದ್ದಲ್ಲ! ಮುಚ್ಚೋಕೆ ಹೇಳಿದ್ದು ನಾನಾ? ಇಲ್ಲೇ ಕೂತಿದಾರಲ್ಲ, ಅವರನ್ನೇ ಕೇಳಿ! ಕೈ ಮುಗಿದು ಕೇಳ್ಕೊಂಡ್ರು. ಹುಣಸೆಮರದ ಗಾಳಿ ಮಗೂಗೆ ಸೋಕ್ತಿದೆ, ಆ ಕಿಟಕಿ ಮುಚ್ಚಿಸ್ಬಿಡಿ ಸಾಮಿ ಅಂತ!"

ಹೊರಗೆ ಹುಣಸೆಮರ ಅಲುಗುತ್ತಿತ್ತು.

ತಾಯತ. ಫೋನಿನಲ್ಲಿ ಸಂಧ್ಯಾ ನಗುತ್ತಾ ಹೇಳಿದ್ದ ಮಾತು. ದೀಪಕ್ ಅದನ್ನು ಹೇಳಿದಾಗ ಮುನೇಶ ಅದೂ ಅವಳದೊಂದು ತಮಾಷೆ ಅಂದುಕೊಂಡಿದ್ದ.

ಮುನಿರತ್ನಮ್ಮ ಗೀಸರನ್ನು ನೋಡಿದರು. ಗೋಡೆಯನ್ನು ನೋಡಿದರು. ಕೊನೆಗೆ ತಮ್ಮ ಕೈಗಳನ್ನು ನೋಡಿಕೊಂಡರು.

"ಗಾಳಿ ಬರ್ದೇ ಇರ್ಲಿ ಅಂತ..." ಎಂದರು. "ಗಾಳಿ ಒಳೀಕೆ ಬರ್ದೇ ಇರ್ಲಿ ಅಂತ ನಾನೇ ಮುಚ್ಸಿದ್ನಲ್ಲಪ್ಪಾ."

ಒಂದು ಪದಕ್ಕೆ ಎರಡು ಅರ್ಥ ಸಿಕ್ಕರೆ ಮುನೇಶನಿಗೆ ಹಬ್ಬ. ಇಡೀ ಕಾಲೇಜು ಅದಕ್ಕೇ ಅವನನ್ನು ಮೆಚ್ಚುತ್ತಿತ್ತು. ಮೊಟ್ಟಮೊದಲ ಸಲ, ಒಂದು ಪದಕ್ಕೆ ಎರಡು ಅರ್ಥವಿರುವುದು ಅವನಿಗೆ ದೊಡ್ಡ ಅನ್ಯಾಯ ಅನ್ನಿಸಿತು.

"ಸಾರ್" ಎಂದ ವರದರಾಜರಿಗೆ. "ಅವರು ಗೊತ್ತಿಲ್ದೆ ಕೇಳಿದ್ರು. ನೀವು ಗೊತ್ತಿದ್ದೂ ಮುಚ್ಚಿದ್ರಿ. ಒಳಗೆ ಗ್ಯಾಸ್ ಉರಿಯುತ್ತೆ ಕಣಮ್ಮ, ಮುಚ್ಬಾರ್ದು ಅಂತ ಒಂದೇ ಒಂದು ಮಾತು ಹೇಳಿದ್ರೆ ಸಾಕಾಗಿತ್ತು. ಊರಿಗೆಲ್ಲ ವರದಿ ಕೊಡೋರು, ಇದೊಂದನ್ನ ಹೇಳ್ಲಿಲ್ಲ."

ವರದರಾಜ ಗೀಸರಿಗೆ ಬೆನ್ನು ಮಾಡಿ ನಿಂತರು.

"ನಡೀರಿ" ಎಂದರು ಅಂಜನಪ್ಪ. ಆಮೇಲೆ ಸೇರಿಸಿದರು. "ಅರ್ಥ ಆಯ್ತಲ್ಲ?"

* * *

ಕಲಾಸಿಪಾಳ್ಯದ ಬಸ್ ನಿಲ್ದಾಣದಲ್ಲಿ ಬೆಳಗಿನ ಚಳಿ ಇನ್ನೂ ಬಿಟ್ಟಿರಲಿಲ್ಲ. ದೀಪಕ್ ಟ್ರಂಕನ್ನು ಬಸ್ಸಿನ ಮೇಲೆ ಕಟ್ಟಿಸುತ್ತಿದ್ದ. ಮುನಿರತ್ನಮ್ಮ ಕಿಟಕಿಯ ಪಕ್ಕ ಕೂತಿದ್ದರು. ಮುನೇಶ ಕೆಳಗೆ ನಿಂತಿದ್ದ.

"ಅವಳು ಬ್ಯಾಡ ಅಂದ್ಲು ಕಣಪ್ಪಾ" ಎಂದರು ಅವರು, ಯಾರೂ ಕೇಳದಿದ್ದರೂ. "ಅಮ್ಮೋ, ಗಾಳೀನೂ ಇಲ್ಲ ಗೀಳೀನೂ ಇಲ್ಲ ಅಂತ ನಗಾಡಿದ್ಲು. ನಾನು ಅತ್ತೆ. ಆಮ್ಯಾಕೆ, ನಿಂಗೆ ಸಮಾಧಾನ ಆಗೋದಾದ್ರೆ ಹಲಗೆ ಹೊಡಿಸ್ಕೋ ಹೋಗು ಅಂದ್ಲು. ನನ್ ಸಮಾಧಾನಕ್ಕೆ."

ಮುನೇಶ ಬಸ್ಸಿನ ತಗಡು ಹಿಡಿದುಕೊಂಡ.

"ಅವಳ ದನಿ ಬತ್ತದಲ್ಲಾ ನಿಂಗೆ?"

"ಬರುತ್ತಮ್ಮ."

"ಒಂದೇ ಸಲ ಅನ್ನು. ಅಮ್ಮೋ, ನಿನ್ ತಪ್ಪಲ್ಲ ಅಂತ. ಕಣ್ ಮುಚ್ಕೋತೀನಿ."

ಅವರು ನಿಜಕ್ಕೂ ಕಣ್ಣು ಮುಚ್ಚಿಕೊಂಡರು. ಮುನೇಶನ ಗಂಟಲಿಗೆ ಆ ದನಿಯ ದಾರಿ ಗೊತ್ತಿತ್ತು. ಎಲ್ಲಿ ಇಳಿಯಬೇಕು, ಎಲ್ಲಿ ಏರಬೇಕು, ಎಲ್ಲ ಗೊತ್ತಿತ್ತು. ಬಾಯಿ ತೆರೆದ.

"ಅಮ್ಮೋ..."

ಬಂದದ್ದು ಅವನದೇ ದನಿ. ಒರಟಾಗಿ, ನಡುಗುತ್ತಾ.

ಮುನಿರತ್ನಮ್ಮ ಕಣ್ಣು ತೆರೆದರು. "ಅವಳ ಹಂಗಿಲ್ಲ."

"ಇಲ್ಲಮ್ಮ. ಇದು ನಂದು."

"ಆಗ್ಲಿ. ನಿಂದ್ರಾಗೇ ಹೇಳು."

"ನಿಮ್ಮ ತಪ್ಪಲ್ಲಮ್ಮ" ಎಂದ ಮುನೇಶ.

ಅವರು ಹ್ಞೂಂ ಅನ್ನಲಿಲ್ಲ, ಉಹ್ಞೂಂ ಅನ್ನಲೂ ಇಲ್ಲ. ಕಿಟಕಿಯಿಂದ ಕೈ ಚಾಚಿ ಅವನ ತಲೆ ಮುಟ್ಟಿದರು. ಬಸ್ಸು ಹೊರಟಿತು. ಹಿಂದಿನ ಸೀಟಿನಲ್ಲಿ ಒಬ್ಬ ಗಂಡಸು ಮಫ್ಲರ್ ಬಿಗಿದುಕೊಂಡು ಗೊಣಗಿದ.

"ಏನಮ್ಮಾ, ಆ ಶಟರ್ ಎಳ್ಕೊಳ್ಳಿ. ಗಾಳಿ ಬರ್ತಿದೆ."

ಮುನಿರತ್ನಮ್ಮ ಶಟರನ್ನು ಎರಡೂ ಕೈಯಿಂದ ಮೇಲಕ್ಕೆ ಒತ್ತಿ ಹಿಡಿದರು.

"ಬರ್ಲಿ ಬುಡಿ" ಎಂದರು. "ಗಾಳಿ ಬರ್ಲಿ."